ಗೇಟಿನ ಆಚೆಯ ಬಣ್ಣ

೧೨ ಸೆಪ್ಟೆಂಬರ್ ೧೯೯೫, ಮಂಗಳವಾರ

ಇವತ್ತು ಎಷ್ಟು ಸಿಟ್ಟು ಬಂದಿದೆ ಎಂದರೆ, ಬರೆಯದಿದ್ದರೆ ಮನೆಯಲ್ಲಿ ಯಾರ ಮೇಲಾದರೂ ಹರಿಹಾಯುತ್ತೇನೆ. ಕನ್ನಡದಲ್ಲಿ ಬರೆದರೆ ಭಯವಿಲ್ಲ. ಗಂಡ ತುಷಾರನಿಗೆ ಕನ್ನಡ ಬಾರದು, ಮಾವ ದಾಮೋದರರಾಯರಿಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಕ್ಕಲಕೋಟದ ಕನ್ನಡ ಸಾಲೆಯಲ್ಲಿ ಕಲಿತದ್ದು ಮದುವೆಯಾದ ಮೇಲೆ ಹೀಗಾದರೂ ಉಪಯೋಗಕ್ಕೆ ಬರಲಿ.

ನಮ್ಮ ಟವೆಲ್ ಕಾರ್ಖಾನೆಯ ಮಾಲೀಕರು ಚನ್ನವೀರಪ್ಪನವರು ತಾವೇ ಲ್ಯಾಬಿಗೆ ಬಂದು ಒಂದು ಫ್ಯಾಕ್ಸ್ ಹಾಳೆ ಮೇಜಿನ ಮೇಲೆ ಹಾಕಿದರು. ಜರ್ಮನಿಯವರು ಕಾನೂನು ಮಾಡಿದ್ದಾರೆ. ಮೈಗೆ ತಾಗುವ ಬಟ್ಟೆಯಲ್ಲಿ ಕೆಲವು ಜಾತಿಯ ಬಣ್ಣ ಇರಕೂಡದು. ಬರುವ ಏಪ್ರಿಲ್‌ನಿಂದ ಅಂಥ ಮಾಲು ಅವರ ದೇಶದೊಳಗೆ ಬರುವಂತಿಲ್ಲ. ನಮ್ಮ ಮರೂನು, ನಮ್ಮ ಕಪ್ಪು, ನಮ್ಮ ಬಾಟಲಿ ಹಸಿರು, ಎಲ್ಲವೂ ಅದರಲ್ಲಿ ಬರುತ್ತವೆ.

"ಮಂಜರಿಬಾಯಿ, ಏಪ್ರಿಲ್ ಒಳಗ ನಮ್ಮ ಟವೆಲ್ ಹಸರು ಆಗಬೇಕು ನೋಡ್ರಿ," ಎಂದರು.

"ಹಸಿರು ಬಣ್ಣದ್ದಾ ಸರ್?"

"ಬಣ್ಣ ಅಲ್ರೀ, ಗುಣ. ಅವರು ಗ್ರೀನ್ ಅಂತಾರಲ್ಲ, ಅದು."

ಸಿಟ್ಟು ಬಂದದ್ದು ಚನ್ನವೀರಪ್ಪನವರ ಮೇಲಲ್ಲ. ಈ ಬಣ್ಣಗಳನ್ನು ಕಂಡುಹಿಡಿದವರು ಯಾರು? ಅವರೇ ಜರ್ಮನಿಯವರು. ನೂರು ವರ್ಷ ಲೋಕಕ್ಕೆಲ್ಲ ಮಾರಿದರು. ಈಗ ಬೆಂಜಿಡೀನ್ ಮೂಲದ ಬಣ್ಣ ಮೈಯೊಳಗೆ ಹೋಗಿ ಒಡೆದರೆ ಮೂತ್ರಕೋಶಕ್ಕೆ ಕ್ಯಾನ್ಸರ್ ತರುತ್ತದೆ ಎಂದು ನಮಗೆ ಪಾಠ ಹೇಳುತ್ತಾರೆ. ನಾನು ಎಂ.ಎಸ್ಸಿ. ಮಾಡಿದವಳು, ಅದು ನನಗೂ ಗೊತ್ತು. ಆದರೆ ನಮ್ಮದು ಕಾರ್ಖಾನೆ. ಇಲ್ಲಿ ಲ್ಯಾಬ್ ಇದೆ, ತೂಕವಿದೆ, ಕೈಗವಸು ಇದೆ. ವಳಸಂಗ ಹಳ್ಳಿಯ ಕಡೆ ತಗಡಿನ ಶೆಡ್ಡಿನಲ್ಲಿ ಕೈಯನ್ನು ಮೊಣಕೈವರೆಗೆ ಬಣ್ಣದಲ್ಲಿ ಮುಳುಗಿಸಿಕೊಂಡು ನೂಲು ಅದ್ದುತ್ತಾರಲ್ಲ, ಸೊಲ್ಲಾಪುರದ ಹೆಸರು ಕೆಡಿಸುವವರು ಅವರು. ಅವರ ಜೊತೆ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ?

೯ ಅಕ್ಟೋಬರ್ ೧೯೯೫, ಸೋಮವಾರ

ಬರೀ ಬಣ್ಣ ಬದಲಿಸಿದರೆ ಕೆಲಸ ಅರ್ಧವೇ ಆದೀತು. ಟವೆಲನ್ನೇ ಬೇರೆ ರೀತಿಯಲ್ಲಿ ಯೋಚಿಸಬೇಕು ಎಂದು ನನಗೆ ಹೊಳೆದಿದೆ. ಇಡೀ ಟವೆಲಿಗೆ ಬಣ್ಣ ಏಕೆ ಬೇಕು? ಮೈಯನ್ನು ಹತ್ತಿಯ ಸ್ವಂತ ಬಣ್ಣದಲ್ಲೇ ಬಿಟ್ಟು ಅಂಚಿಗೆ ಮಾತ್ರ ಬಣ್ಣದ ನೂಲು ಹಾಕಿ ನೇಯ್ದರೆ? ತೊಳೆಯುವ ನೀರು ಅಷ್ಟು ಉಳಿಯುತ್ತದೆ. ಊರಿಗೆ ದಿನ ಬಿಟ್ಟು ದಿನ ನಳ ಬರುತ್ತದೆ. ಅತ್ತ ನಮ್ಮ ಬಣ್ಣದ ವಿಭಾಗ ಒಂದೊಂದು ನೂಲಿನ ಕಂತೆಯನ್ನೂ ತೊಳೆದು ತೊಳೆದು ಕೆಂಪು ನೀರನ್ನು ಗಟಾರಕ್ಕೆ ಬಿಡುತ್ತದೆ.

ನೇಯ್ಗೆಯ ಮಾಸ್ತರು ನಕ್ಕರು. "ಬಾಯಿಯವರು ಟವೆಲ್ ಮಾಡಾಕತ್ತಾರೋ, ವಿಧವೆಯ ಸೀರಿ ಮಾಡಾಕತ್ತಾರೋ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕೊಡಬೇಕಾಗಿದ್ದ ಉತ್ತರಗಳೆಲ್ಲ ಬಸ್ಸಿನಲ್ಲಿ ಮನೆಗೆ ಬರುವಾಗ ಹೊಳೆದವು.

೨೨ ನವೆಂಬರ್ ೧೯೯೫, ಬುಧವಾರ

ಪಾಸಾಯಿತು! ಮುಂಬಯಿಯ ಪರೀಕ್ಷಾಲಯದಿಂದ ಫಲಿತಾಂಶ ಬಂತು. ನನ್ನ ಟವೆಲಿನಲ್ಲಿ ನಿಷೇಧಿತ ವಸ್ತುವಿನ ಸುಳಿವೂ ಇಲ್ಲ. ನೀರು ಮೊದಲಿನ ಮೂರರಲ್ಲಿ ಒಂದು ಪಾಲು ಸಾಕು. ಅಂಚಿನ ಮರೂನು ಸ್ವಲ್ಪ ತಿಳಿಯಾಗಿದೆ, ಆದರೂ ಚೆಂದವಿದೆ.

ಮಧ್ಯಾಹ್ನ ಜರ್ಮನಿಗೆ ಕಳಿಸುವ ವರದಿಯ ಪ್ರತಿ ಕೈಗೆ ಬಂತು. ನಾನೇ ಬರೆದ ವರದಿ. ನನ್ನದೇ ವಾಕ್ಯಗಳು. ಕೊನೆಯಲ್ಲಿ ನಾನು ಹಾಕಿದ ಶಿಫಾರಸುಗಳು: ಹಳೆಯ ಬಣ್ಣ ಹೊಸ ನೂಲಿಗೆ ತಾಗದಂತೆ ಬೇರೆ ತೊಟ್ಟಿ ಇರಬೇಕು, ನಿಷೇಧಿತ ಬಣ್ಣ ಕಾರ್ಖಾನೆಯ ಆವರಣದೊಳಗೆ ಉಳಿಯಕೂಡದು. ಎಲ್ಲ ಇದೆ. ಮೊದಲ ಪುಟದಲ್ಲಿ ಮಾತ್ರ, 'ಸಂಶೋಧನೆ ಮತ್ತು ವಿನ್ಯಾಸ: ಶ್ರೀ ಚನ್ನವೀರಪ್ಪ' ಎಂದಿದೆ.

ಮಂಜರಿ ಎಂಬ ಹೆಸರು ಎಲ್ಲಿಯೂ ಇಲ್ಲ. ಸಣ್ಣ ಅಕ್ಷರದಲ್ಲೂ ಇಲ್ಲ.

ತುಷಾರನಿಗೆ ಹೇಳಿದೆ. ಅವನು ವಿಮಾ ಕಚೇರಿಯಿಂದ ಬಂದು ಚಹಾ ಕುಡಿಯುತ್ತಿದ್ದ. "ಜಾವೂ ದೇ ನಾ, ಮಂಜೂ," ಎಂದ. ಹೋಗಲಿ ಬಿಡು. ಅವನಿಗೆ ಎಲ್ಲವೂ ಹೋಗಲಿ ಬಿಡು. ಚಹಾ ಆರಿದ್ದರೆ ಮಾತ್ರ ಬಿಡುವುದಿಲ್ಲ.

೨೪ ನವೆಂಬರ್

ಇವತ್ತೂ ಅದೇ ಸಿಟ್ಟು. ನನ್ನ ಹೆಸರು. ನನ್ನ ಕೆಲಸ. ಬೇರೇನೂ ಬರೆಯಲು ತೋಚುತ್ತಿಲ್ಲ.

೧೦ ಜನವರಿ ೧೯೯೬, ಬುಧವಾರ

ಗೋದಾಮಿಗೆ ಸೋಡಾ ಪುಡಿ ತರಲು ಹೋಗಿದ್ದೆ. ಹಿಂದಿನ ಗೋಡೆಗೆ ಆತುಕೊಂಡು ಹಳೆಯ ಬಣ್ಣದ ಡ್ರಮ್ಮುಗಳ ಸಾಲು ಇರುತ್ತಿತ್ತು. ಇವತ್ತು ನೆಲದ ಮೇಲೆ ಅವುಗಳ ದುಂಡು ಗುರುತು ಮಾತ್ರ ಇದ್ದವು. ಗೋದಾಮು ನೋಡಿಕೊಳ್ಳುವ ಭೀಮಶಾನನ್ನು ಕೇಳಿದೆ.

"ಹೋದ್ವಲ್ರೀ ಬಾಯಾರ. ಹೋದ ವಾರನ ವಳಸಂಗಕ್ಕ ಹೋಗ್ಯಾವ. ಅಲ್ಲಿ ಬಣ್ಣದವರು ಸಸ್ತಾ ಸಿಗತಾವಂತ ಜಗಳಾಡಿ ತಗೊಂಡು ಹೋದ್ರು."

"ಮಾರಿದರಾ? ಅವನ್ನು ಹಾಳು ಮಾಡಬೇಕಿತ್ತಲ್ಲ!"

"ಹಾಳು ಮಾಡಾಕೂ ಖರ್ಚು ಬರತದ ಅಂದ್ರು ಸಾಹೇಬ್ರು."

ಮೊದಲ ಬಾರಿಗೆ ಕರೆಯದೆಯೇ ಚನ್ನವೀರಪ್ಪನವರ ಕೋಣೆಗೆ ಹೋದೆ. ಅವರು ಎದ್ದು ಕುರ್ಚಿ ತೋರಿಸಿದರು. ಅವರು ಒರಟರಲ್ಲ, ಒರಟರಾಗಿದ್ದರೆ ಚೆನ್ನಾಗಿತ್ತು.

"ನೀವ ಬರದೀರಲ್ರೀ," ಎಂದರು. "ಆವರಣದೊಳಗ ಉಳೀಬಾರದು ಅಂತ. ಉಳಿಸಿಲ್ಲ."

"ಸರ್, ಅಲ್ಲಿ ಅವರು ಬರಿಗೈಯಿಂದ..."

"ಅವರು ಜರ್ಮನಿಗಿ ಕಳಸಂಗಿಲ್ಲ. ಇಲ್ಲೇ ಸಂತ್ಯಾಗ ಮಾರೋ ಚಾದರಕ್ಕ ಹಾಕ್ತಾರ. ಇಲ್ಲಿ ಯಾರು ಕೇಳ್ತಾರ ಹೇಳ್ರಿ?"

ನಾವೆಲ್ಲ ಹೊದ್ದು ಮಲಗುವುದು ಆ ಚಾದರವನ್ನೇ. ಯಾರು ಕೇಳ್ತಾರಂತೆ!

೨೧ ಜನವರಿ ೧೯೯೬, ಭಾನುವಾರ

ವಳಸಂಗಕ್ಕೆ ಹೋಗಿ ಬಂದೆ. ಬುದ್ಧಿ ಹೇಳಿ ಬರಬೇಕೆಂದು ಹೋದದ್ದು. ಬೂದಿ ಬಣ್ಣದ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ, ದಡ್ಡಿ. ಈಗ ಅದರ ನೆರಿಗೆಯ ಮೇಲೆ ಮರೂನು ಕಲೆ.

ಊರ ಹೊರಗೆ ಹಳ್ಳದ ದಂಡೆಗೆ ಐದಾರು ಶೆಡ್ಡು. ಡ್ರಮ್ಮುಗಳನ್ನು ದೂರದಿಂದಲೇ ಗುರುತಿಸಿದೆ. ಮೊದಲ ಶೆಡ್ಡು ಶಿವರಾಯ ಎಂಬುವನದು. ನಲವತ್ತೈದರ ಹತ್ತಿರ ಇರಬಹುದು, ತೆಳ್ಳಗೆ, ಬಾಯಿ ತುಂಬ ಎಲೆಅಡಿಕೆ. ಹರೆಯದಿಂದಲೂ ಇದೇ ಕೆಲಸ. ಹೆಂಡತಿ ಅಂಜನಾಬಾಯಿ ಒಲೆಗೆ ಕಟ್ಟಿಗೆ ಒಡ್ಡುತ್ತಿದ್ದಳು, ಕುದಿಯುವ ಕಡಾಯಿಯಲ್ಲಿ ಅವನು ನೂಲನ್ನು ತಿರುವುತ್ತಿದ್ದ. ಇಬ್ಬರ ಕೈಯೂ ಮೊಣಕೈವರೆಗೆ ಕೆಂಪು. ಉಗುರಿನ ಬುಡ ಕಪ್ಪು.

ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಈ ಬಣ್ಣ ವಿಷ, ಚರ್ಮದಿಂದ ಒಳಗೆ ಹೋಗುತ್ತದೆ, ಉಸಿರಿನಿಂದ ಹೋಗುತ್ತದೆ, ಕಾಯಿಲೆ ತರುತ್ತದೆ. ಶಿವರಾಯ ಎಲ್ಲ ಕೇಳಿ ಪಕ್ಕಕ್ಕೆ ಉಗುಳಿದ.

"ಬಾಯಾರ, ನಿಮ್ಮ ಸಾಹೇಬ್ರು ಮಾರೂ ಮುಂದ ಇದು ವಿಷ ಇರಲಿಲ್ಲ. ನಾವು ತಗೊಂಡ ಕೂಡಲೆ ವಿಷ ಆತೇನ್ರಿ?"

ಪಕ್ಕದ ಶೆಡ್ಡಿನ ಗಂಡಸರು ಬಂದು ಸುತ್ತ ನಿಂತಿದ್ದರು. ಅವರಲ್ಲಿ ಒಬ್ಬ ನಗುತ್ತ, "ನಮಗೇನೂ ಆಗಂಗಿಲ್ರೀ, ನಮ್ಮ ಶಿವರಾಯ ಉಚ್ಚಿನೂ ಮರೂನ್ ಹೊಯ್ತಾನ, ಅಷ್ಟು ಪಕ್ಕಾ ಬಣ್ಣದವ," ಎಂದ. ಎಲ್ಲರೂ ನಕ್ಕರು. ಶಿವರಾಯನೂ ನಕ್ಕ. ಬಣ್ಣದವರ ಮೂತ್ರಕ್ಕೆ ಬಣ್ಣ ಬರುವುದು ಅಲ್ಲಿ ಹಳೆಯ ಚೇಷ್ಟೆಯಂತೆ.

ನಾನು ನಗಲಿಲ್ಲ. ಅಂಜನಾಬಾಯಿಯೂ ನಗಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೊರಡುವಾಗ ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ. ಅದು ಬಣ್ಣವಲ್ಲ, ರಕ್ತ ಇರಬಹುದು, ದವಾಖಾನೆಗೆ ತೋರಿಸಿ. ಮನೆಯ ವಿಳಾಸ ಹೇಳಿ ಬಂದೆ. ಅವಳು ಒಳಗೆ ಹೋಗಿ ಒಂದು ಲೋಟ ತಂದಳು. "ಚಾ ಕುಡೀರಿ," ಎಂದಳು. ಆ ಕೈಯಿಂದ ಕೊಟ್ಟ ಲೋಟ. ಬೇಡವೆಂದೆ.

೨೨ ಜನವರಿ

ಚಹಾ ಬೇಡವೆಂದದ್ದು ಏಕೋ ಚುಚ್ಚುತ್ತಿದೆ.

೬ ಫೆಬ್ರುವರಿ ೧೯೯೬, ಮಂಗಳವಾರ

ಸಂಜೆ ಅಂಜನಾಬಾಯಿ ಗಂಡನನ್ನು ಎಳೆದುಕೊಂಡು ನಮ್ಮ ಮನೆಗೆ ಬಂದಳು. ಎಳೆದುಕೊಂಡೇ, ಅವನ ಅಂಗಿಯ ತೋಳು ಅವಳ ಮುಷ್ಟಿಯಲ್ಲಿತ್ತು.

ಮಾವನವರು ಬಾಗಿಲಲ್ಲಿ ನಿಂತು ಅವರ ಕೈ ನೋಡಿದರು, ನನ್ನನ್ನು ನೋಡಿದರು. "ಸೂನಬಾಯಿ, ಇವರು ಯಾರು? ಹಿಂದಿನ ಬಾಗಿಲಿಗೆ ಬರಲಿಕ್ಕೆ ಹೇಳು," ಎಂದರು ಸೊಸೆಗೆ ಹೇಳುವ ದನಿಯಲ್ಲಿ. ಮದುವೆಯಾಗಿ ಏಳು ವರ್ಷ ಅವರ ಮಾತಿಗೆ ತಿರುಗಿ ಮಾತಾಡಿದವಳಲ್ಲ. ಇವತ್ತು, "ನನ್ನ ಮಂದಿ, ಮಾವನವರೇ," ಎಂದು ಪಡಸಾಲೆಯಲ್ಲೇ ಕುರ್ಚಿ ಹಾಕಿದೆ. ಬೆವರಿದ ಕೈ ತಾಗಿ ಕುರ್ಚಿಯ ಮೇಲೆ ಕೆಂಪು ಬೆರಳಚ್ಚು ಮೂಡಿದವು. ಒರೆಸಲಿಲ್ಲ, ಒರೆಸುವಷ್ಟು ಪುರುಸೊತ್ತಿರಲಿಲ್ಲ.

ಶಿವರಾಯನಿಗೆ ಬೆಳಗಿನಿಂದ ಮೂತ್ರ ಕಟ್ಟಿದೆ. "ಬಣ್ಣದ ಕೆಲಸ ಬಿಟ್ಟು ನಾಕ ದಿನ ಆತ್ರಿ, ಮೈಂದರ್ಗಿಗಿ ಮದುವಿಗಿ ಹೋಗಿದ್ವಿ," ಎಂದಳು ಅಂಜನಾಬಾಯಿ. "ಬಣ್ಣ ಮುಟ್ಟಿಲ್ಲ, ಆದರೂ ಕೆಂಪ ಬಂತು. ಅವಾಗ ನಿಮ್ಮ ಮಾತು ನೆನಪಾತು."

ತುಷಾರ ಸ್ಕೂಟರ್ ತೆಗೆದು ಶಿವರಾಯನನ್ನು ಸರಕಾರಿ ದವಾಖಾನೆಗೆ ಒಯ್ದ. ನಾವಿಬ್ಬರೂ ರಿಕ್ಷಾದಲ್ಲಿ ಹಿಂದೆ ಹೋದೆವು. ಹೋಗಲಿ ಬಿಡು ಎನ್ನುತ್ತಾನೋ ಎಂದುಕೊಂಡಿದ್ದೆ. ಅನ್ನಲಿಲ್ಲ.

೧೫ ಫೆಬ್ರುವರಿ ೧೯೯೬, ಗುರುವಾರ

ಗಂಟು ಇದೆ. ಮೂತ್ರಕೋಶದ ಒಳಗೋಡೆಗೆ. ದುರ್ಬೀನಿನ ನಳಿಗೆ ಹಾಕಿ ಒಳಗೆ ನೋಡಿದ ಡಾಕ್ಟರು, ಆಳಕ್ಕೆ ಬೇರು ಬಿಟ್ಟಂತಿಲ್ಲ, ತೆಗೆಯಬಹುದು, ಆದರೆ ಜೀವನಪೂರ್ತಿ ಕೆಲವು ತಿಂಗಳಿಗೊಮ್ಮೆ ಬಂದು ತೋರಿಸುತ್ತಿರಬೇಕು ಎಂದರು. ಏನು ಕೆಲಸ ಮಾಡುತ್ತೀ ಎಂದು ಕೇಳಿದರು. ಶಿವರಾಯ ಕೈಗಳನ್ನು ಮುಂದೆ ಚಾಚಿದ.

ಇದು ಆ ಡ್ರಮ್ಮುಗಳಿಂದ ಬಂದದ್ದಲ್ಲ. ಒಂದು ತಿಂಗಳಿನಲ್ಲಿ ಬರುವಂಥದ್ದೂ ಅಲ್ಲ, ಇಪ್ಪತ್ತೈದು ವರ್ಷದ ಕಡಾಯಿಯಿಂದ ಬಂದದ್ದು. ಚನ್ನವೀರಪ್ಪನವರು ಇದನ್ನೇ ಹೇಳುತ್ತಾರೆ, ನನಗೆ ಗೊತ್ತು. ಹೇಳಲಿ. ಇಪ್ಪತ್ತೈದು ವರ್ಷ ಸುಟ್ಟವನ ಮೇಲೆ ಇನ್ನೊಂದು ಕೊಳ್ಳಿ ಇಟ್ಟರೆ ಅದು ತಪ್ಪಲ್ಲವೇ?

ಅಂಜನಾಬಾಯಿ ದವಾಖಾನೆಯ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಇಬ್ಬರೂ ತಿಂದೆವು. ಹಸಿವಾಗಿತ್ತು.

೨೭ ಫೆಬ್ರುವರಿ ೧೯೯೬, ಮಂಗಳವಾರ

ಜರ್ಮನಿಯ ಖರೀದಿದಾರರ ಕಡೆಯಿಂದ ಒಬ್ಬ ಬಾಯಿ ಕಾರ್ಖಾನೆ ನೋಡಲು ಬಂದಿದ್ದಳು. ಗೇಟಿಗೆ ತೋರಣ. ಕೆಲಸಗಾರರಿಗೆಲ್ಲ ಹೊಸ ಕೈಗವಸು. ಬಣ್ಣದ ತೊಟ್ಟಿಯ ಪಕ್ಕ ಕುಂಡದಲ್ಲಿ ತುಳಸಿ!

ಐವತ್ತು ದಾಟಿದ, ಗಂಭೀರ ಹೆಂಗಸು. ಪ್ರತಿಯೊಂದನ್ನೂ ಮುಟ್ಟಿ ನೋಡಿದಳು. ನನ್ನ ಟವೆಲನ್ನು ಕೆನ್ನೆಗೆ ಒತ್ತಿ ಹಿಡಿದಳು. ಇದು ಯಾರ ವಿನ್ಯಾಸ ಎಂದು ಕೇಳಿದಳು. ಚನ್ನವೀರಪ್ಪನವರು, "ನಮ್ಮ ತಂಡದ್ದು," ಎಂದರು. ನಾನು ಅದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಬೇರೆ ವಾಕ್ಯ ಓಡುತ್ತಿತ್ತು.

ಗೋದಾಮಿಗೆ ಬಂದಾಗ ಅವಳು, ಹಳೆಯ ಬಣ್ಣ ಏನಾಯಿತು ಎಂದಳು.

"ಆವರಣದಿಂದ ಪೂರ್ತಿ ತೆಗೆದಿದ್ದೇವೆ, ಮೇಡಂ," ಎಂದರು ಚನ್ನವೀರಪ್ಪ.

"ಇಲ್ಲಿಂದ ಹನ್ನೆರಡು ಮೈಲು ದೂರದ ಹಳ್ಳಿಗೆ ಮಾರಿದ್ದಾರೆ," ಎಂದೆ, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ. "ಅಲ್ಲಿ ಬರಿಗೈಯಲ್ಲಿ ಅದ್ದುತ್ತಾರೆ. ಅಲ್ಲಿಯ ಒಬ್ಬ ಬಣ್ಣಗಾರ ಈಗ ಮೂತ್ರಕೋಶದ ಗಂಟಿನಿಂದ ಆಸ್ಪತ್ರೆಯಲ್ಲಿದ್ದಾನೆ. ಬೇಕಾದರೆ ಈಗಲೇ ಕರೆದೊಯ್ಯುತ್ತೇನೆ."

ಆ ಬಾಯಿ ಕನ್ನಡಕ ತೆಗೆದು ಒರೆಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ನನಗೆ ಬಹಳ ಬೇಸರವಾಗುತ್ತದೆ. ಆದರೆ ನನ್ನ ತಪಾಸಣೆ ಈ ಗೇಟಿನವರೆಗೆ ಮಾತ್ರ. ನಮ್ಮ ದೇಶಕ್ಕೆ ಬರುವ ವಸ್ತು ಶುದ್ಧವಾಗಿದೆಯೇ ಎಂಬುದಷ್ಟೇ ನನ್ನ ಕೆಲಸ. ಅದು ಶುದ್ಧವಾಗಿದೆ."

ಬೇಸರವಂತೆ! ಹತ್ತಿ ಎಲ್ಲಿ ಬೆಳೆಯಿತು ಎಂದು ಕೇಳಿದಳು, ನೂಲು ಎಲ್ಲಿಂದ ಬಂತು ಎಂದು ಕೇಳಿದಳು, ಟವೆಲ್ ಕಟ್ಟುವ ರಟ್ಟಿನ ಪೆಟ್ಟಿಗೆ ಯಾವ ಮರದ್ದು ಎಂದೂ ಕೇಳಿದಳು. ವಿಷ ಎಲ್ಲಿ ಹೋಯಿತು ಎಂಬುದಕ್ಕೆ ಮಾತ್ರ ಗೇಟು. ನಾನು ಎಷ್ಟು ನಂಬಿಕೊಂಡಿದ್ದೆ, ಹೊರಗಿನವಳು ಬಂದು ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದು. ಯಾರ ಮನೆಯ ಕಸವನ್ನು ಯಾರೋ ಬಂದು ಗುಡಿಸುತ್ತಾರೆಯೇ?

೨೮ ಫೆಬ್ರುವರಿ

ಕೆಲಸ ಹೋಯಿತು. ಚನ್ನವೀರಪ್ಪನವರು ಇವತ್ತೂ ಎದ್ದು ಕುರ್ಚಿ ತೋರಿಸಿದರು. ಕೂಡಲಿಲ್ಲ.

೧೭ ಮಾರ್ಚ್ ೧೯೯೬, ಭಾನುವಾರ, ಅಕ್ಕಲಕೋಟ

ಅವ್ವನ ಮನೆಗೆ ಬಂದಿದ್ದೇನೆ. ಅವ್ವ ಯಮುನಾಬಾಯಿಗೆ ಊರ ಹೆಂಗಸರೆಲ್ಲ ಹೆದರುತ್ತಾರೆ; ಮಠದ ದರ್ಶನದ ಸಾಲಿನಲ್ಲಿ ನುಗ್ಗಿದವರನ್ನು ತೋಳು ಹಿಡಿದು ಹಿಂದೆ ನಿಲ್ಲಿಸುವವಳು. ಕೆಲಸ ಹೋದದ್ದು ಕೇಳಿದರೆ ಬೈಯುತ್ತಾಳೆ ಎಂದು ಎರಡು ದಿನ ಹೇಳಲಿಲ್ಲ. ಇವತ್ತು ಹೇಳಿದೆ.

"ಬೈದು ಬಂದಿಯಾ, ಬರೇ ಬಂದಿಯಾ?" ಎಂದು ಕೇಳಿದಳು.

"ಬರೇ ಬಂದೆ."

"ಹಂಗಾದರ ಕೆಲಸ ಇನ್ನೂ ಮುಗದಿಲ್ಲ," ಎಂದಳು. ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

ಇಡೀ ದಿನ ಕೂತು ಯೋಚಿಸಿದೆ. ಬಣ್ಣ ಬಿಡಿ ಎಂದು ಹೇಳುವುದು ಸುಲಭ. ಬಿಟ್ಟು ಏನು ಮಾಡಬೇಕು? ಜರ್ಮನಿಯ ಟವೆಲಿಗೆ ಐದು ತಿಂಗಳು ಕೊಟ್ಟೆನಲ್ಲ, ವಳಸಂಗದ ಚಾದರಕ್ಕೆ ಒಂದು ದಿನವಾದರೂ ಕೊಟ್ಟಿದ್ದೆನೇ? ಕುದಿಸದೆ, ತಣ್ಣೀರಿನಲ್ಲೇ ಉಪ್ಪು ಮತ್ತು ಸೋಡಾ ಹಾಕಿ ಹಿಡಿಸುವ ಬಣ್ಣಗಳಿವೆ, ಆ ನಿಷೇಧದ ಪಟ್ಟಿಗೆ ಸೇರದವು. ಬೆಲೆ ಹೆಚ್ಚು. ಆದರೆ ಕಟ್ಟಿಗೆ ಬೇಡ, ಒಲೆ ಬೇಡ. ಚಾದರದ ಹೂವನ್ನು ಬಿಳಿ ನೂಲಿನಲ್ಲೇ ತೆಗೆದರೆ ಬಣ್ಣವೂ ಕಡಿಮೆ ಸಾಕು.

೯ ಏಪ್ರಿಲ್ ೧೯೯೬, ಮಂಗಳವಾರ

ವಳಸಂಗದ ಶೆಡ್ಡಿನಲ್ಲಿ ತಣ್ಣೀರಿನ ಬಣ್ಣ ಮೂರನೆಯ ಸಲವೂ ಕೆಟ್ಟಿತು. ನೂಲಿನ ಕಂತೆ ಕುಷ್ಠ ಬಂದವರ ಮೈಯಂತೆ ಮಚ್ಚೆ ಮಚ್ಚೆ. ಹಳ್ಳದ ಬಾವಿಯ ನೀರು ಗಡಸು. ಲ್ಯಾಬಿನ ನೀರಿನಲ್ಲಿ ಬಂದ ಬಣ್ಣ ಇಲ್ಲಿ ಬರುವುದಿಲ್ಲ. ನನಗೆ ಅದು ಮೊದಲೇ ಹೊಳೆಯಬೇಕಿತ್ತು.

ಶಿವರಾಯ ಆಪರೇಷನ್ ಆಗಿ ಮನೆಗೆ ಬಂದಿದ್ದಾನೆ. ಹೊರಸಿನ ಮೇಲೆ ಮಲಗಿಕೊಂಡೇ ಎಲ್ಲವನ್ನೂ ನೋಡುತ್ತಾನೆ, ಎಲ್ಲಕ್ಕೂ ಕೊಂಕು ತೆಗೆಯುತ್ತಾನೆ. "ಬಾಯಾರ, ಈ ಚಾದರ ಹೊದ್ದು ಮಲಗಿದರ ಹೆಂಡ್ತಿ ಇದು ನಮ್ಮದಲ್ಲ, ನೆರಮನಿಯವರದು ಅಂತ ಎಬಸತಾಳ."

"ಸುಮ್ನ ಮಲಗು," ಎಂದೆ.

ಪಕ್ಕದ ಶೆಡ್ಡಿನವರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಊರಿನ ಬಣ್ಣ ವಿಷವೆಂದು ಸುದ್ದಿ ಹಬ್ಬಿದರೆ ಚಾದರದ ವ್ಯಾಪಾರಿಗಳು ಬೇರೆ ಕಡೆ ಹೋಗುತ್ತಾರೆ ಎಂದು. ಆದರೂ ನಿನ್ನೆ ಅವರಲ್ಲಿ ಇಬ್ಬರು ಯಾರಿಗೂ ಹೇಳದೆ ದವಾಖಾನೆಗೆ ಹೋಗಿ ಬಂದರಂತೆ. ಅಂಜನಾಬಾಯಿ ಹೇಳಿದಳು. ಒಬ್ಬನಿಗೆ ಏನೂ ಇಲ್ಲ. ಇನ್ನೊಬ್ಬನಿಗೆ ಮತ್ತೆ ಬಾ ಎಂದಿದ್ದಾರೆ.

ನಾಳೆ ನೀರಿಗೆ ಮೊದಲು ಸೋಡಾ ಹಾಕಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿನೀರು ತೆಗೆದು ನೋಡಬೇಕು. ಚಹಾ ಕುಡಿದು ಕುಡಿದು ಪಿತ್ತವಾಗಿದೆ. ಅಂಜನಾಬಾಯಿ ಗಂಟೆಗೊಮ್ಮೆ ಕೊಡುತ್ತಾಳೆ.

೨೬ ಏಪ್ರಿಲ್ ೧೯೯೬, ಶುಕ್ರವಾರ

ಬಣ್ಣ ಹಿಡಿಯಿತು, ಸಮನಾಗಿ ಹಿಡಿಯಿತು! ನಾಲ್ಕು ಸಲ ಒಗೆದರೂ ನೀರು ತಿಳಿ. ಆದರೆ ಈ ಸಂತೋಷ ಬರೆಯುವ ಮೊದಲೇ ಜಗಳ ಬರೆಯಬೇಕು.

ಕಾರ್ಖಾನೆಯಿಂದ ಬಂದ ಡ್ರಮ್ಮುಗಳಲ್ಲಿ ಇನ್ನೂ ಬಣ್ಣ ಉಳಿದಿದೆ. ದವಾಖಾನೆಯ ಸುದ್ದಿ ಕೇಳಿ ಉಳಿದ ಶೆಡ್ಡಿನವರೂ ಹಳೆಯ ಬಣ್ಣ ಬಿಡಲು ಒಪ್ಪಿದ್ದಾರೆ, ಎಲ್ಲ ಶೆಡ್ಡುಗಳದು ಸೇರಿ ಒಂಬತ್ತು ಡ್ರಮ್. ವಾಗದರಿಯ ಅಮೋಗಸಿದ್ಧ ಎಂಬ ಬಣ್ಣಗಾರ ಟೆಂಪೋ ತಂದು ನಿಂತಿದ್ದ, ಎಲ್ಲವನ್ನೂ ಕೊಳ್ಳುತ್ತೇನೆಂದು. ಶಿವರಾಯ ಹೊರಸಿನ ಮೇಲಿಂದಲೇ ಹೂಂ ಎಂದುಬಿಟ್ಟಿದ್ದ!

ನನಗೆ ಮೈಯೆಲ್ಲ ಉರಿಯಿತು. "ನಾಚಿಕಿ ಬರಂಗಿಲ್ಲೇನು ನಿನಗ? ಚನ್ನವೀರಪ್ಪ ಮಾಡಿದ್ದು ನೀನೂ ಮಾಡ್ತಿ?"

"ನಾ ಏನ್ ಮಾಡ್ಲಿ? ಸುರುವಿದರ ಹಳ್ಳಕ್ಕ ಹೋಗತದ, ಇಟ್ಟರ ಮನ್ಯಾಗ ಇರತದ. ಆಸ್ಪತ್ರಿಯಿಂದ ಬಂದವಗ ರೊಕ್ಕ ಬ್ಯಾಡೇನ್ರೀ?" ಎಂದು ಅವನೂ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು.

ಅಂಜನಾಬಾಯಿ ಬಂದು ಟೆಂಪೋದ ಮುಂದೆ ನಿಂತಳು. "ಅಮೋಗಸಿದ್ಧಣ್ಣ, ನಿನ್ನ ಹೆಂಡ್ತಿನೂ ಒಲಿ ಮುಂದ ಕೂಡ್ತಾಳಲ್ಲ?" ಎಂದಳು. ಅವನು ಹೌದೆಂದ. "ಹಂಗಾದರ ಬರೇ ಟೆಂಪೋ ತಗೊಂಡು ಹೋಗು. ನಮ್ಮ ಮನಿ ಪೀಡಾ ನಿನ್ನ ಮನಿಗಿ ಕೊಡಂಗಿಲ್ಲ." ಅಮೋಗಸಿದ್ಧ ಬೈದುಕೊಂಡು ಹೋದ.

ಆಮೇಲೆ ಅವಳೇ ಕೇಳಿದಳು: "ಇವನ್ನ ಎಲ್ಲಿಂದ ಬಂದಾವೋ ಅಲ್ಲೇ ಒಯ್ದು ಬಿಟ್ರ?"

"ಅವರು ಮತ್ತೆ ಬೇರೆ ಯಾರಿಗೋ ಮಾರುತ್ತಾರೆ," ಎಂದೆ. ಹೇಳುವಾಗಲೇ ಉಪಾಯ ಹೊಳೆಯಿತು. ಅಂಗಡಿಯಿಂದ ಸಿಮೆಂಟು ತರಿಸಿದೆ. ಮೂಗಿಗೆ ಒದ್ದೆ ಬಟ್ಟೆ, ಕೈಗೆ ರಬ್ಬರ್ ಗವಸು, ಶೆಡ್ಡಿನ ಹೆಂಗಸರೆಲ್ಲ ಸೇರಿ ಒಂದೊಂದು ಡ್ರಮ್ಮಿಗೂ ಮರಳು, ಸಿಮೆಂಟು, ನೀರು ಹಾಕಿ ಬಡಿಗೆಯಿಂದ ತಿರುವಿದೆವು. ಗಟ್ಟಿಯಾಗಲಿ.

೩೦ ಏಪ್ರಿಲ್ ೧೯೯೬, ಮಂಗಳವಾರ



ಬೆಳಿಗ್ಗೆ ಟೆಂಪೋದಲ್ಲಿ ಒಂಬತ್ತು ಡ್ರಮ್, ಏಳು ಹೆಂಗಸರು, ನಾನು. ಅಕ್ಕಲಕೋಟ ರಸ್ತೆಯ ಚನ್ನವೀರಪ್ಪನವರ ಕಾರ್ಖಾನೆಗೆ ಬಂದಾಗ ಗೇಟು ತೆರೆದಿತ್ತು. ಒಳಗೆ ಜರ್ಮನಿಗೆ ಹೋಗುವ ಟವೆಲಿನ ಕಂಟೇನರ್ ಲಾರಿ ಹೊರಡಲು ನಿಂತಿತ್ತು. ನಾವು ಡ್ರಮ್ಮುಗಳನ್ನು ಹಲಗೆಯ ಮೇಲಿಂದ ಉರುಳಿಸಿ ಗೇಟಿನ ಬಾಯಿಗೆ ಅಡ್ಡಲಾಗಿ ಸಾಲು ನಿಲ್ಲಿಸಿದೆವು. ವಾಚಮನ್ ಒಂದನ್ನು ಒದ್ದ. ಕಾಲು ಹಿಡಿದುಕೊಂಡು ಕೂತ.

ಚನ್ನವೀರಪ್ಪನವರು ಬಂದರು. ಇವತ್ತು ಯಾರಿಗೂ ಕುರ್ಚಿ ತೋರಿಸಲಿಲ್ಲ. "ಏನ್ ನಾಟಕ ಇದು? ಮಾಲು ತಗೊಂಡೀರಿ, ನಿಮ್ಮದಾತು!"

"ನಾವು ಬಣ್ಣ ತಗೊಂಡಿದ್ವಿ ಯಜಮಾನ್ರ," ಎಂದಳು ಅಂಜನಾಬಾಯಿ. "ನೀವು ಬ್ಯಾನಿ ಕೊಟ್ಟೀರಿ. ಬ್ಯಾನಿ ವಾಪಸ್ ತಂದೀವಿ."

"ಪೊಲೀಸರನ್ನ ಕರಸ್ತೀನಿ."

"ಕರಸ್ರಿ!" ಎಂದೆ. ನನ್ನ ದನಿ ಎಲ್ಲಿಂದ ಬಂತೋ, ಎದುರಿನ ಚಹಾದ ಗಾಡಿಯವರೆಲ್ಲ ಎದ್ದು ನಿಂತರು. "ಅವರ ಮುಂದ ಪಂಚನಾಮಾ ಆಗಲಿ. ಡ್ರಮ್ಮಿನ ಮ್ಯಾಲೆ ನಿಮ್ಮ ಕಾರ್ಖಾನಿ ಹೆಸರದ. ಒಳಗ ಏನದ ಅಂತ ನಾ ಹೇಳ್ತೀನಿ. ಹಸರು ಟವೆಲ್ ಹೊರಗ ಹೋಗಬೇಕಂದ್ರ ಇವು ಒಳಗ ಬರಬೇಕು. ಅಲ್ಲೀತನಕ ಒಂದು ಗಾಲೀನೂ ಉರುಳಂಗಿಲ್ಲ!"

ಲಾರಿಯ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಮುಂಬಯಿಯಲ್ಲಿ ಹಡಗು ತಪ್ಪಿದರೆ ತಾನು ಜವಾಬ್ದಾರನಲ್ಲ ಎಂದ. ಬಿಸಿಲು ಏರಿತು. ಹೆಂಗಸರು ಒಬ್ಬೊಬ್ಬರೂ ಒಂದೊಂದು ಡ್ರಮ್ಮಿನ ಮೇಲೆ ಕೂತು ಸೆರಗು ತಲೆಗೆ ಎಳೆದುಕೊಂಡರು. ಒಳಗೆ ಮಗ್ಗದ ಸದ್ದು ನಿಂತಿತು. ಕೆಲಸಗಾರರು ಬಂದು ಅಂಗಳದಲ್ಲಿ ಗುಂಪಾದರು.

ಚನ್ನವೀರಪ್ಪನವರು ಗಡಿಯಾರ ನೋಡಿದರು, ಲಾರಿ ನೋಡಿದರು. "ತಗೋರಿ ಒಳಗ," ಎಂದರು. ಮೊದಲು ಮುಂದೆ ಬಂದವನು ಭೀಮಶಾ. ಅವನೂ ಇನ್ನಿಬ್ಬರೂ ಸೇರಿ ಎತ್ತಲು ನೋಡಿದರು, ಡ್ರಮ್ ಮಿಸುಕಲಿಲ್ಲ.

"ಯಾಕ ಇಷ್ಟು ಜಡ ಅದ?" ಎಂದರು ಚನ್ನವೀರಪ್ಪ.

"ಸಿಮಿಟ್ ಹಾಕೀವಿ," ಎಂದೆ. "ಇನ್ನ ಯಾರಿಗೂ ಮಾರಾಕ ಬರಂಗಿಲ್ಲ. ಇಟ್ಟಕೊಳ್ರಿ."

ಅವರು ಮುಖ ತಿರುಗಿಸಿದರು. ಡ್ರಮ್ಮುಗಳು ಒಂದೊಂದಾಗಿ ಉರುಳಿ ಒಳಗೆ ಹೋದವು. ಆಮೇಲೆ ಲಾರಿ ಹೊರಗೆ ಬಂತು. ನಾವು ಪಕ್ಕಕ್ಕೆ ಸರಿದು ದಾರಿ ಕೊಟ್ಟೆವು.

೧೯ ಮೇ ೧೯೯೬, ಭಾನುವಾರ

ಹೊಸ ಬಣ್ಣದ ಚಾದರಗಳು ಮೊದಲ ಸಂತೆಗೆ ಹೋದವು. ಅರ್ಧ ಉಳಿದವು. ಮರೂನು ತಿಳಿಯಾಯಿತು ಎನ್ನುತ್ತಾರೆ ಜನ. ಆದರೂ ಅರ್ಧ ಹೋದವು. ಶಿವರಾಯನನ್ನು ಡಾಕ್ಟರು ಮತ್ತೆ ನೋಡಿದರು. ಸದ್ಯಕ್ಕೆ ಒಳಗೆ ಶುದ್ಧವಿದೆಯಂತೆ. ಅವನ ಕೈಯ ಬಣ್ಣ ಉಗುರಿನ ತುದಿಗೆ ಬಂದಿದೆ.

ಇವತ್ತು ಅಮೋಗಸಿದ್ಧ ವಾಗದರಿಯಿಂದ ಮತ್ತೆ ಬಂದಿದ್ದ. ಟೆಂಪೋ ಇಲ್ಲದೆ, ಬಸ್ಸಿನಲ್ಲಿ. ತಣ್ಣೀರಿನ ಬಣ್ಣ ಹೇಗೆ ಹಾಕುತ್ತೀರಿ, ಕಲಿಸಿಕೊಡಿ ಎಂದ. ಶಿವರಾಯ ಏನು ಮಾಡಿದ ಗೊತ್ತೇ? ಕಡಾಯಿಯ ಮೇಲೆ ಗೋಣಿಚೀಲ ಮುಚ್ಚಿ, "ಅದು ನಮ್ಮ ಶೆಡ್ಡಿನ ಗುಟ್ಟು, ಹೊರಗ ಕೊಡಂಗಿಲ್ಲ," ಎಂದು ಕಳಿಸಿಬಿಟ್ಟ! ನಾನು ಬರುವಷ್ಟರಲ್ಲಿ ಅವನು ಹೊರಟು ಹೋಗಿದ್ದ.

ಇಷ್ಟು ಸಿಟ್ಟು ಬಂತೆಂದರೆ! ಗುಟ್ಟಂತೆ! ಉಪ್ಪು, ಸೋಡಾ, ತಿಳಿನೀರು, ಇದರಲ್ಲಿ ಯಾರಪ್ಪನ ಗಂಟಿದೆ? ಇದು ಯಾರ ಸ್ವತ್ತೂ ಅಲ್ಲ, ಕಂಡವರಿಗೆಲ್ಲ ಹೇಳಬೇಕಾದ್ದು ಎಂದು ಕೂಗಾಡಿದೆ. ಶಿವರಾಯನೂ ಕೂಗಾಡಿದ. "ನಾಳೆ ನಾನೇ ವಾಗದರಿಗೆ ಹೋಗಿ ಕಲಿಸಿ ಬರುತ್ತೇನೆ," ಎಂದೆ. ಅಂಜನಾಬಾಯಿ ಆಗಲೇ ಚೀಲಕ್ಕೆ ಉಪ್ಪು ತುಂಬುತ್ತಿದ್ದಳು.

"ನೀನೂ ಹೊಂಟಿಯಾ?" ಎಂದು ಶಿವರಾಯ ಗುಡುಗಿದ.

"ನೀ ಸಿಟ್ಟಿನಾಗ ಕೂಡು," ಎಂದಳು ಚೀಲದ ಬಾಯಿ ಕಟ್ಟುತ್ತ, "ನಾ ಬಸ್ಸಿನಾಗ ಕೂಡ್ತೀನಿ."